ಕರುಳಿನ ಕೋಶವನ್ನು ಹೊಗುವ ದಂಡಾಣು

ಕಾಲರಾ ರೋಗಾಣುವು ಸಣ್ಣ ಕರುಳಿನ ಒಳಪೊರೆಗೆ ಅಂಟಿಕೊಂಡಿದ್ದು, ಜೀವಕೋಶದೊಳಕ್ಕೆ ಕಾಲಿಡದೆಯೇ ತನ್ನ ವಿಷದಿಂದ ದೇಹದ ನೀರನ್ನು ಹೊರಹರಿಸುತ್ತದೆ; ರೋಗಾಣುಗಳನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳನ್ನು ನೀರಿನಿಂದ ಉಬ್ಬಿಸಬಲ್ಲುದೆಂಬುದನ್ನು ಕಲ್ಕತ್ತೆಯ ಶಂಭುನಾಥ ಡೇ ಅವರು 1959ರಲ್ಲಿ ಪ್ರಕಟಿಸಿದರು. ರಕ್ತಾತಿಸಾರಕ್ಕೆ ಕಾರಣವಾಗುವ, ಜಪಾನಿನ ಕಿಯೋಶಿ ಶಿಗಾ ಅವರು 1897ರಲ್ಲಿ ಕಂಡುಹಿಡಿದ ಶಿಗೆಲ್ಲಾ ದಂಡಾಣುವಿನ ಕ್ರಮವಾದರೋ ತೀರ ಭಿನ್ನವಾದುದು. ಹತ್ತರಿಂದ ನೂರು ದಂಡಾಣುಗಳು ಉದರವನ್ನು ಸೇರಿದರೂ ಸಾಕು, ವ್ಯಾಧಿಯು ತಲೆದೋರಬಹುದು.

ದೊಡ್ಡ ಕರುಳಿನ ಒಳಪೊರೆಯಲ್ಲಿ, ಹೊರಗಿನ ಕಣಗಳನ್ನು ಹೀರಿ ದೇಹರಕ್ಷಕ ಕೋಶಗಳಿಗೆ ಒಪ್ಪಿಸುವುದಕ್ಕೆಂದೇ ಇರುವ 'ಎಂ' ಕೋಶಗಳ ಮೂಲಕ ಈ ದಂಡಾಣು ಒಳನುಸುಳುತ್ತದೆ. ಕಾವಲಿನ ದ್ವಾರವೇ ಶತ್ರುವಿಗೆ ಮಾರ್ಗವಾಗುವುದು ವಿಪರ್ಯಾಸವೇ ಸರಿ. ತನ್ನನ್ನು ನುಂಗಿದ ಭಕ್ಷಕಕೋಶವನ್ನು ಕೊಂದು, ಒಳಪೊರೆಯ ಕೋಶಗಳನ್ನು ಬುಡದ ಕಡೆಯಿಂದ ಸಮೀಪಿಸಿ, ಸೂಜಿಯಂಥ ಅಂಗದಿಂದ ಅವುಗಳೊಳಕ್ಕೆ ಪ್ರೋಟೀನುಗಳನ್ನು ಚುಚ್ಚಲು, ಆ ಕೋಶದ ಆಕ್ಟಿನ್ ಎಂಬ ಪ್ರೋಟೀನಿನ ತಂತುಗಳು ಪುನಾರಚನೆಗೊಂಡು, ಪೊರೆಯು ಮಡಿಕೆ ಮಡಿಕೆಯಾಗಿ ಮೇಲೆದ್ದು, ದಂಡಾಣುವನ್ನು ತಾನಾಗಿಯೇ ಒಳಗೊಳ್ಳುತ್ತದೆ. ಒಳಹೊಕ್ಕ ಸ್ವಲ್ಪ ಹೊತ್ತಿನಲ್ಲೇ ತನ್ನನ್ನು ಆವರಿಸಿದ ಪೊರೆಯ ಚೀಲವನ್ನು ಅದು ಹರಿದು ಹೊರಬೀಳುತ್ತದೆ. ಈಜುವುದಕ್ಕೆ ಕಶಾಂಗವಿಲ್ಲದ ಈ ಜೀವಿಯು ಆತಿಥೇಯ ಕೋಶದ ಆಕ್ಟಿನ್ನನ್ನೇ ಬಾಲದಂತೆ ಹಿಂದೆ ಕಟ್ಟಿಕೊಂಡು, ಅದರ ಒತ್ತಡದಿಂದ ನೆರೆಯ ಕೋಶಕ್ಕೆ ನುಗ್ಗುತ್ತದೆ. ಹೀಗೆ ಕೋಶದಿಂದ ಕೋಶಕ್ಕೆ ಹಬ್ಬಿದಂತೆ ಉರಿಯೂತವು ಪ್ರಬಲಿಸಿ, ಒಳಪೊರೆಯು ಹುಣ್ಣಾಗಿ, ಮಲದಲ್ಲಿ ರಕ್ತವೂ ಲೋಳೆಯೂ ಕಾಣಿಸಿಕೊಳ್ಳುತ್ತವೆ.