ಮಸಿ ಮುಗಿದರೆ ಲೇಖನಿಯೂ ಮುಗಿಯಬೇಕೆ?

ಕಚೇರಿಯ ಕಾಗದಪತ್ರಗಳ ಕಟ್ಟಿಗೆ ನಾವು ‘ಕಡತ’ವೆನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಕಾಗದವಲ್ಲ, ಬಟ್ಟೆ. ಹುಣಿಸೆಬೀಜದ ಅಂಟಿನಲ್ಲಿ ಇದ್ದಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಹಳೆಯ ಬರಹವನ್ನು ಅಳಿಸಿ ಮತ್ತೊಮ್ಮೆ ಕಪ್ಪು ಬಳಿದರೆ ಅದೇ ಬಟ್ಟೆ ಹೊಸ ಲೆಕ್ಕಕ್ಕೆ ಸಿದ್ಧವಾಗುತ್ತಿತ್ತು. ಬರಹ ಅಳಿಯಲಿ, ಸಾಧನ ಉಳಿಯಲಿ ಎಂಬುದು ನಮ್ಮ ವರ್ತಕರೂ ಶಾನುಭೋಗರೂ ಬಲ್ಲ ವಿವೇಕ.

ಈ ವಿವೇಕವನ್ನು ಇಂದು ನೆನೆಯಲು ಕಾರಣವುಂಟು. ಕಲಬುರಗಿ ವಿದ್ಯಾಕೇಂದ್ರವಾಗಿ ಬೆಳೆದ ನಗರ. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಹೀಗೆ ಒಂದರ ಹಿಂದೊಂದು ಇಲ್ಲಿ ಹುಟ್ಟಿದವು. ಎಲ್ಲ ಊರುಗಳಂತೆ ಇಲ್ಲಿಯೂ ಸೀಮೆಸುಣ್ಣದ ಧೂಳಿಗೆ ಬೇಸತ್ತು ಕರಿಹಲಗೆಯ ಬದಲು ಬಿಳಿಹಲಗೆಯನ್ನು ತೂಗುಹಾಕುವವರು ಹೆಚ್ಚುತ್ತಿದ್ದಾರೆ. ಧೂಳು ಹೋಯಿತು, ನಿಜ. ಆದರೆ ಸೀಮೆಸುಣ್ಣ ತೇದು ತಾನೇ ಮುಗಿಯುತ್ತಿತ್ತು. ಮಾರ್ಕರ್ ಪೆನ್ನು ಹಾಗಲ್ಲ. ಅದರ ಮಸಿ ತೀರಿದ ಮೇಲೂ ಪ್ಲಾಸ್ಟಿಕ್ ಕೊಳವೆ, ಮುಚ್ಚಳ, ಒಳಗಿನ ನಾರಿನ ಬತ್ತಿ ಎಲ್ಲವೂ ಉಳಿದಿರುತ್ತವೆ. ಗಟ್ಟಿಯಾಗಿರುವ ಆ ಲೇಖನಿಯನ್ನು ನಾವು ಕಸದ ಬುಟ್ಟಿಗೆ ಎಸೆಯುತ್ತೇವೆ.

ಹತ್ತು ಕೋಣೆಗಳ ಒಂದು ಶಾಲೆಯಿದೆ, ಕೋಣೆಗೆ ವಾರಕ್ಕೊಂದು ಪೆನ್ನು ಬೇಕು ಎಂದಿಟ್ಟುಕೊಳ್ಳೋಣ. ಮೂವತ್ತಾರು ವಾರಗಳ ಪಾಠಕ್ಕೆ 360 ಪೆನ್ನುಗಳಾದವು. ಪ್ರತಿ ಪೆನ್ನಿಗೂ ಒಂಬತ್ತು ಸಲ ಮಸಿ ತುಂಬಿ ಹತ್ತು ವಾರ ನಡೆಸಿದರೆ 36 ಪೆನ್ನುಗಳೇ ಸಾಕು. ಉಳಿತಾಯದ ಲೆಕ್ಕವನ್ನು ಗೃಹಿಣಿಯರಿಗೆ ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಈ ಮಸಿಯ ಗುಣವೇನು? ಇದರಲ್ಲಿ ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ಬೇಗನೆ ಆರುವ ಆಲ್ಕೋಹಾಲ್, ಇವುಗಳೊಡನೆ ಎಣ್ಣೆಯಂಥ ಒಂದು ಜಾರುವಸ್ತುವೂ ಇರುತ್ತದೆ. ಆಲ್ಕೋಹಾಲ್ ಆವಿಯಾದೊಡನೆ ಬಣ್ಣವು ಹಲಗೆಗೆ ಕಚ್ಚಿಕೊಳ್ಳದಂತೆ ಈ ಜಾರುವಸ್ತು ನಡುವೆ ನಿಲ್ಲುತ್ತದೆ. ಬಟ್ಟೆಯಿಂದ ಒರಸಿದರೆ ಬರಹ ಉದುರಿಹೋಗುತ್ತದೆ. ನಮ್ಮ ಮೈಸೂರಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಮಸಿ ತಯಾರಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಅಲ್ಲಿನ ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಮಸಿಯನ್ನು ಒದಗಿಸುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಬೆರೆತು ವಾರಗಟ್ಟಲೆ ಅಳಿಯದೆ ನಿಲ್ಲುತ್ತದೆ. ಒಂದು ಮಸಿಯ ಹಿರಿಮೆ ಅಳಿಯದಿರುವುದರಲ್ಲಿ, ಇನ್ನೊಂದರದು ಅಳಿಯುವುದರಲ್ಲಿ!

ಆದುದರಿಂದ ಮರುಪೂರಣಕ್ಕೆ ಬಿಳಿಹಲಗೆಯದೇ ಮಸಿ ಬೇಕು. ಫೌಂಟನ್ ಪೆನ್ನಿನ ಮಸಿಯಾಗಲಿ, ನೀರಾಗಲಿ ಸಲ್ಲದು. ಕೆಲವು ಪೆನ್ನುಗಳಲ್ಲಿ ಮಸಿಯ ಕೊಳವೆಯನ್ನೇ ಬದಲಿಸಬಹುದು. ಇನ್ನು ಕೆಲವಕ್ಕೆ ಮೊನೆಯನ್ನೋ ಹಿಂಬದಿಯ ಬಿರಡೆಯನ್ನೋ ತೆಗೆದು ಸೀಸೆಯಿಂದ ಹನಿಹನಿಯಾಗಿ ತುಂಬಬೇಕು. ಅವಸರಪಟ್ಟು ಹೆಚ್ಚು ಸುರಿದರೆ ಮಸಿ ಕೈಗೂ ಅಂಗಿಗೂ ಸೋರುತ್ತದೆ. ತುಂಬಿದ ಮೇಲೆ ಮುಚ್ಚಳ ಬಿಗಿದು ಸ್ವಲ್ಪ ಹೊತ್ತು ಅಡ್ಡಲಾಗಿ ಮಲಗಿಸಿಡಿ. ಆಲ್ಕೋಹಾಲ್ ಬೆಂಕಿ ಹತ್ತುವ ವಸ್ತುವಾದುದರಿಂದ ಸೀಸೆಯು ಒಲೆಯಿಂದಲೂ ಎಳೆಯ ಮಕ್ಕಳ ಕೈಯಿಂದಲೂ ದೂರವಿರಲಿ. ತುಂಬುವ ಕೆಲಸ ಕಿಟಕಿ ತೆರೆದ ಕೋಣೆಯಲ್ಲಿ ದೊಡ್ಡವರಿಂದಲೇ ನಡೆಯಲಿ.

ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮುಚ್ಚಳ ತೆರೆದಿಟ್ಟ ಪೆನ್ನಿನಿಂದ ಆಲ್ಕೋಹಾಲ್ ಬಹುಬೇಗ ಹಾರಿಹೋಗುತ್ತದೆ. ಬಣ್ಣ ಒಳಗೇ ಇದ್ದರೂ ಮೊನೆ ಒಣಗಿ ಪೆನ್ನು ಸತ್ತಂತೆ ಕಾಣುತ್ತದೆ. ಬರೆದು ಮುಗಿಸಿದೊಡನೆ ಮುಚ್ಚಳ ‘ಟಕ್’ ಎನ್ನುವಂತೆ ಹಾಕುವ ಅಭ್ಯಾಸವೇ ಮೊದಲನೆಯ ಮಿತವ್ಯಯ.

ಮರುಪೂರಣದಿಂದ ಪ್ಲಾಸ್ಟಿಕ್ ಪೂರ್ತಿ ತಪ್ಪುವುದೇ ಎಂದು ಕೇಳಬಹುದು. ಇಲ್ಲ. ಮಸಿಯ ಸೀಸೆಯೂ ಪ್ಲಾಸ್ಟಿಕ್ಕೇ, ಮೊನೆಯೂ ಒಂದು ದಿನ ಸವೆಯುತ್ತದೆ. ಆದರೆ ಶಾಲೆಗೆಲ್ಲ ಒಂದು ದೊಡ್ಡ ಸೀಸೆ ತಂದು, ಮೊನೆ ಬದಲಿಸಬಹುದಾದ ಪೆನ್ನನ್ನೇ ಆರಿಸಿದರೆ ಕಸ ಬಹಳವಾಗಿ ತಗ್ಗುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಪೆನ್ನುಗಳಿಗೆ ಅಂಥ ನಿಷೇಧವಿಲ್ಲ. ಇಲ್ಲಿ ಕೆಲಸ ಮಾಡಬೇಕಾದುದು ಕಾನೂನಲ್ಲ, ಕೊಳ್ಳುವವರ ವಿವೇಚನೆ.

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅಲ್ಲಿನ ಹಣ್ಣು ತಿಂದು ಎಸೆದ ಸಿಪ್ಪೆ ಕೆಲವೇ ತಿಂಗಳಲ್ಲಿ ಮಣ್ಣಾಗಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಅದೇ ಹೊಲದ ಬದುವಿನಲ್ಲಿ ಬಿದ್ದ ಪೆನ್ನಿನ ಕೊಳವೆ ಇಂದು ಪಾಠ ಕೇಳುತ್ತಿರುವ ಮಕ್ಕಳು ಮುದುಕರಾದರೂ ಕರಗದು. ಪರಿಸರದ ಪಾಠವನ್ನು ಹಲಗೆಯ ಮೇಲೆ ಬರೆದು, ಬರೆದ ಲೇಖನಿಯನ್ನು ಮಕ್ಕಳ ಎದುರಿಗೇ ಬುಟ್ಟಿಗೆ ಎಸೆದರೆ ಅವರು ಕಲಿಯುವುದು ಯಾವ ಪಾಠವನ್ನು?

ಮುಂದಿನ ಸಲ ಅಂಗಡಿಗೆ ಹೋದಾಗ ಪೆನ್ನಿನ ಬೆಲೆಯೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: “ಇದಕ್ಕೆ ಮಸಿ ತುಂಬಬಹುದೆ?” ಕೇಳುವವರು ಹೆಚ್ಚಿದರೆ ಇಡುವವರೂ ಹೆಚ್ಚುತ್ತಾರೆ.