ಮುಳುಗುಂದದ ನಯಸೇನ

ಅಣ್ಣಿಗೇರಿಯ ಹೆಸರೆತ್ತಿದೊಡನೆ ಸಾಹಿತ್ಯಾಭಿಮಾನಿಗಳ ಮನಸ್ಸು ಪಂಪನತ್ತ ಹರಿಯುವುದು ಸಹಜ. ಅವನ ತಾಯಿ ಅಬ್ಬಣಬ್ಬೆಯ ಮನೆತನ ಆ ಊರಿನದು. ಆದರೆ ಅಲ್ಲಿಂದ ಕೆಲವೇ ಹರದಾರಿಯಾಚೆ, ಹಿಂದೆ ಧಾರವಾಡ ಜಿಲ್ಲೆಗೇ ಸೇರಿದ್ದು 1997ರಿಂದ ಗದಗ ಜಿಲ್ಲೆಯಲ್ಲಿರುವ ಮುಳುಗುಂದದಲ್ಲಿ, ಇನ್ನೊಬ್ಬ ಕವಿಯಿದ್ದನು. ಅವನೇ ‘ಧರ್ಮಾಮೃತ’ವನ್ನು ಬರೆದ ನಯಸೇನ. ಕಾವ್ಯದ ಕಾಲ 1112.

ಕನ್ನಡಕ್ಕೆ ಸಲ್ಲದ ಸಂಸ್ಕೃತವನ್ನು ಬೆರಸುವುದು ತುಪ್ಪಕ್ಕೆ ಎಣ್ಣೆ ಬೆರಸಿದಂತೆ ಎಂದು ಇವನಾಡಿದ ಮಾತನ್ನು ಎಲ್ಲರೂ ಬಲ್ಲರು. ಇವನ ದುರದೃಷ್ಟವೂ ಅದೇ: ಆ ಒಂದು ಮಾತಿನಾಚೆಗೆ ಕಾವ್ಯವನ್ನು ತೆರೆದವರು ವಿರಳ. ಆ ನಿಯಮವನ್ನು ತಾನೇ ಪೂರ್ತಿಯಾಗಿ ಪಾಲಿಸಲಿಲ್ಲವೆಂಬುದು ಬೇರೆ ಸಂಗತಿ.

ಗ್ರಂಥವು ಚಂಪೂ; ಆಶ್ವಾಸಗಳು 14, ಕಥೆಗಳೂ 14. ಸಮ್ಯಗ್ದರ್ಶನಕ್ಕೊಂದು, ಅದರ ಎಂಟು ಅಂಗಗಳಿಗೆ ಎಂಟು, ಅಣುವ್ರತಗಳಿಗೆ ಐದು. ಈ ಪಟ್ಟಿಯನ್ನು ಕೇಳಿ ಯಾರೂ ಹೆದರಬೇಕಾಗಿಲ್ಲ. ಮೊದಲ ಕಥೆಯ ವಸುಭೂತಿಯನ್ನೇ ನೋಡಿರಿ. ಅವನು ಹೊನ್ನಿನಾಸೆಗೆ ಜೈನಮುನಿಯ ವೇಷ ತೊಟ್ಟ ಬ್ರಾಹ್ಮಣ. ಕೂಲಿಗಾಗಿ ಹೊತ್ತ ವ್ರತವು ಮೆಲ್ಲಮೆಲ್ಲನೆ ಅವನ ಒಳಗಿಳಿಯುತ್ತದೆ. ನಗಿಸುತ್ತ ನಗಿಸುತ್ತಲೇ ಕವಿ ನಮ್ಮನ್ನು ಗಂಭೀರರನ್ನಾಗಿಸುತ್ತಾನೆ.

ಗದ್ಯವಂತೂ ಹಳ್ಳಿಯ ಬಾಳಿನಿಂದಲೇ ಎದ್ದುಬಂದದ್ದು. ಒಂದು ಮಾತಿಗೆ ಒಂದು ಉಪಮೆ ಇವನಿಗೆ ಸಾಲದು. ಕಟ್ಟೆಯ ಮೇಲೆ ಕುಳಿತ ಹಿರಿಯರಂತೆ ಹೋಲಿಕೆಯ ಮೇಲೆ ಹೋಲಿಕೆಯನ್ನು ಪೋಣಿಸುತ್ತ ಹೋಗುತ್ತಾನೆ. ಕೆಲವೆಡೆ ಸರ ಅತಿಯಾಗಿ ಉದ್ದವಾಗಿ ಬೇಸರ ತರುವುದೂ ಉಂಟು. ಪರಮತಗಳನ್ನು ಹಳಿಯುವಲ್ಲಿ ಅವನ ನಾಲಗೆಗೆ ಹಿಡಿತವಿಲ್ಲ. ಅನೇಕರು ಕಾವ್ಯವನ್ನು ದೂರವಿಟ್ಟುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಅಂಥ ಪುಟಗಳನ್ನು ದಾಟಿ ಮುಂದೆ ಹೋಗಬಹುದು. ವಸುಭೂತಿಯ ಕಥೆಯನ್ನು ಮಾತ್ರ, ಮನೆಮಂದಿಯನ್ನು ಕೂಡಿಸಿಕೊಂಡು, ಗಟ್ಟಿಯಾಗಿ ಓದಿರಿ.