ಜೀಪಿನ ಕುಲುಕಾಟ ಮತ್ತು ಶಾಕ್ ಅಬ್ಸಾರ್ಬರಿನ ಆಯ್ಕೆ

ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವನ್ನು ಸೇರುವುದು ಯಾವ ವಾಹನಕ್ಕೂ ಕಷ್ಟವಲ್ಲ. ಹೆದ್ದಾರಿಯನ್ನು ಬಿಟ್ಟು ಹೊಲಗಳ ದಾರಿ ಹಿಡಿದಾಗಲೇ ವಾಹನದ ಪರೀಕ್ಷೆ ಆರಂಭವಾಗುತ್ತದೆ. ಈ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಯುವ ದಾರಿ ಅಲೆಅಲೆಯಾಗುವುದು ಸಹಜವೇ ಆಗಿದೆ. ಕಮಲಾಪುರದ ಹೆಸರಾಂತ ಕೆಂಪು ಬಾಳೆಯ ಗೊನೆಗಳು ಜಜ್ಜಿಹೋಗದಂತೆ ತರುವುದಕ್ಕಾಗಲಿ, ರೋಗಿಯೊಬ್ಬನನ್ನು ಕಲಬುರಗಿಯ ಆಸ್ಪತ್ರೆಗೆ ಸಾಗಿಸುವುದಕ್ಕಾಗಲಿ, ವಾಹನದ ಕುಲುಕಾಟವನ್ನು ತಗ್ಗಿಸುವುದು ಅಗತ್ಯ. ಅದಕ್ಕಾಗಿ ಅತ್ಯಂತ ಬಿಗಿಯಾದ ಶಾಕ್ ಅಬ್ಸಾರ್ಬರನ್ನು ಕೊಳ್ಳುವುದೇ ಜಾಣತನವೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಮಾಡೋಣ.

ಈ ಉಪಕರಣದ ಹೆಸರು ಅದರ ಕೆಲಸವನ್ನು ಸರಿಯಾಗಿ ತಿಳಿಸುವುದಿಲ್ಲ. ದಾರಿಯ ಹೊಡೆತವನ್ನು ಮೊದಲು ತಾಳುವುವು ಟಯರು ಮತ್ತು ಸ್ಪ್ರಿಂಗು. ಆದರೆ ಅದುಮಿದ ಸ್ಪ್ರಿಂಗು ತಾನು ಪಡೆದ ಶಕ್ತಿಯನ್ನು ಹಿಂದಿರುಗಿಸುತ್ತದೆ. ಆದುದರಿಂದ ಸ್ಪ್ರಿಂಗು ಮಾತ್ರವಿದ್ದರೆ, ಒಂದು ಗುಂಡಿಯನ್ನು ದಾಟಿದ ವಾಹನ ಬಹಳ ಹೊತ್ತು ತೂಗಾಡುತ್ತಿರುವುದು. ಶಾಕ್ ಅಬ್ಸಾರ್ಬರಿನ ಕೊಳವೆಯಲ್ಲಿ ಎಣ್ಣೆಯೂ ಪಿಸ್ಟನ್ನೂ ಇರುತ್ತವೆ. ಪಿಸ್ಟನ್ ಚಲಿಸಿದಾಗ ಎಣ್ಣೆಯು ಅದರ ಕಿರುರಂಧ್ರಗಳ ಮೂಲಕ ನುಸುಳಬೇಕಾಗುತ್ತದೆ; ಆಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಆಂದೋಲನವನ್ನು ಹೀಗೆ ಅಡಗಿಸುವುದಕ್ಕೆ ಅವಮಂದನವೆಂದು ಹೆಸರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಚಕ್ರದ ಪಾಲಿಗೆ ವಾಹನದ 400 ಕಿಲೋಗ್ರಾಂ ರಾಶಿಯಿದೆ; ಸ್ಪ್ರಿಂಗನ್ನು ಒಂದು ಸೆಂಟಿಮೀಟರ್ ಅದುಮಲು 250 ನ್ಯೂಟನ್ ಬಲ ಬೇಕು ಎನ್ನೋಣ. ಲೆಕ್ಕಹಾಕಿದರೆ ಇದರ ಸಹಜ ಆವೃತ್ತಿ ಸೆಕೆಂಡಿಗೆ ಸುಮಾರು 1.26 ಆಂದೋಲನಗಳಾಗುತ್ತದೆ. ಒಮ್ಮೆ ಅದುಮಿ ಬಿಟ್ಟ ವಾಹನವು ತೂಗಾಡದೆ ನೇರವಾಗಿ ಸ್ವಸ್ಥಾನಕ್ಕೆ ಮರಳಲು ಬೇಕಾಗುವ ಕನಿಷ್ಠ ಅವಮಂದನವನ್ನು 1 ಎಂದು ಎಣಿಸಿದರೆ, ಸುಖಪ್ರಯಾಣಕ್ಕೆ ಸಾಮಾನ್ಯವಾಗಿ 0.2ರಿಂದ 0.3ರಷ್ಟೇ ಸಾಕು. 0.25 ಇದ್ದಾಗ ಪ್ರತಿಯೊಂದು ಆಂದೋಲನದಲ್ಲಿಯೂ ಏರಿಳಿತವು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಇನ್ನೂ ಬಿಗಿಮಾಡಿದರೆ ಆಗುವ ನಷ್ಟವೇನು? ಎರೆಮಣ್ಣಿನ ದಾರಿಯ ಅಲೆಗಳು ಐದು ಮೀಟರಿಗೊಂದರಂತೆ ಇವೆಯೆನ್ನೋಣ. ಗಂಟೆಗೆ ಸುಮಾರು 23 ಕಿಲೋಮೀಟರ್ ವೇಗದಲ್ಲಿ ಅವು ಸೆಕೆಂಡಿಗೆ 1.26 ಬಾರಿ ತಾಕುತ್ತವೆ. ವಾಹನದ ಸಹಜ ಆವೃತ್ತಿಯೂ ಅಷ್ಟೇ ಆದುದರಿಂದ ಅನುರಣನೆಯುಂಟಾಗಿ ವಾಹನ ತೊಟ್ಟಿಲಿನಂತೆ ತೂಗುತ್ತದೆ. ಇಲ್ಲಿ ಅವಮಂದನವೇ ನಮ್ಮ ರಕ್ಷಕ. ಆದರೆ ಗರಸಿನ ದಾರಿಯ ಏಣುಗಳು 70 ಸೆಂಟಿಮೀಟರಿಗೊಂದರಂತಿದ್ದರೆ, 30 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 12 ಹೊಡೆತಗಳು ಬೀಳುತ್ತವೆ. ದಾರಿಯ ಆವೃತ್ತಿ ವಾಹನದ ಸಹಜ ಆವೃತ್ತಿಯ 1.4 ಪಟ್ಟನ್ನು ಮೀರಿದ ಮೇಲೆ, ಅವಮಂದನ ಹೆಚ್ಚಿದಷ್ಟೂ ಹೆಚ್ಚು ನಡುಕ ಮೇಲಕ್ಕೆ ಸಾಗುತ್ತದೆ. ಬಿಗಿಯಾದ ಶಾಕ್ ಅಬ್ಸಾರ್ಬರು ಆಗ ಕಬ್ಬಿಣದ ಸಲಾಕೆಯಂತೆ ಹೊಡೆತವನ್ನು ಬೆನ್ನೆಲುಬಿಗೇ ಮುಟ್ಟಿಸುತ್ತದೆ.

ಹಾಗೆಂದು ತೀರ ಸಡಿಲವಾದುದೂ ಸಲ್ಲದು. ಸ್ಪ್ರಿಂಗಿಗೂ ಟಯರಿಗೂ ನಡುವೆ ಸಿಕ್ಕಿರುವ ಚಕ್ರಕ್ಕೆ ತನ್ನದೇ ಆದ ಸಹಜ ಆವೃತ್ತಿಯಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15. ಗರಸಿನ ಏಣುಗಳು ಈ ಆವೃತ್ತಿಯನ್ನೇ ಕೆರಳಿಸುತ್ತವೆ. ಅವಮಂದನ ಸಾಲದಿದ್ದರೆ ಚಕ್ರವು ನೆಲವನ್ನು ಬಿಟ್ಟು ಕುಣಿಯುತ್ತದೆ. ನೆಲವನ್ನು ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಫಲವಿಲ್ಲ, ಸ್ಟಿಯರಿಂಗ್ ತಿರುಗಿಸಿಯೂ ಫಲವಿಲ್ಲ. ಇಲ್ಲಿ ಸುಖಕ್ಕಿಂತ ಪ್ರಾಣದ ಪ್ರಶ್ನೆಯೇ ದೊಡ್ಡದು.

ಹೊರೆಯನ್ನೂ ಗಮನಿಸಬೇಕು. ನಮ್ಮ ಉದಾಹರಣೆಯ 400 ಕಿಲೋಗ್ರಾಂ, ಸರಕು ಹೇರಿದಾಗ 600 ಆದರೆ, ಅದೇ ಶಾಕ್ ಅಬ್ಸಾರ್ಬರಿನ ಅವಮಂದನದ ಪ್ರಮಾಣ 0.25ರಿಂದ 0.20ಕ್ಕೆ ಇಳಿಯುತ್ತದೆ. ಆದುದರಿಂದ ಗೊನೆ ಹೇರುವ ವಾಹನಕ್ಕೂ ಒಬ್ಬಿಬ್ಬರೇ ಓಡಾಡುವ ವಾಹನಕ್ಕೂ ಒಂದೇ ಆಯ್ಕೆ ಹೊಂದುವುದಿಲ್ಲ.

ರಚನೆಯಲ್ಲಿಯೂ ಭೇದಗಳಿವೆ. ಕೆಟ್ಟ ದಾರಿಯಲ್ಲಿ ಬಹುದೂರ ಓಡಿದಾಗ ಎಣ್ಣೆ ಕಾದು ತೆಳುವಾಗುತ್ತದೆ, ನೊರೆಯೂ ಏಳಬಹುದು. ಆಗ ಅವಮಂದನ ಕುಗ್ಗುತ್ತದೆ. ಅಧಿಕ ಒತ್ತಡದ ನೈಟ್ರೊಜನ್ ಅನಿಲವನ್ನು ತುಂಬಿದ ಒಂಟಿ ಕೊಳವೆಯ ಶಾಕ್ ಅಬ್ಸಾರ್ಬರುಗಳು ನೊರೆಯನ್ನು ತಡೆಯುತ್ತವೆ. ಶಾಖವನ್ನು ಬೇಗ ಹೊರಹಾಕುತ್ತವೆ. ಆದರೆ ಕಲ್ಲು ತಗಲಿ ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಜೋಡಿ ಕೊಳವೆಯ ರಚನೆಯಲ್ಲಿ ಹೊರಗಿನ ಕೊಳವೆ ಸ್ವಲ್ಪ ನೆಗ್ಗಿದರೂ ಕೆಲಸ ನಿಲ್ಲದು. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಕೊಳ್ಳುವ ಮುನ್ನ ಇಷ್ಟನ್ನು ವಿಚಾರಿಸಬೇಕು: ಹೊರೆ ಎಷ್ಟು, ದಾರಿ ಎಂಥದು, ವೇಗ ಎಷ್ಟು, ಚಕ್ರ ಪೂರ್ತಿ ಇಳಿದಾಗಲೂ ಪೂರ್ತಿ ಏರಿದಾಗಲೂ ಶಾಕ್ ಅಬ್ಸಾರ್ಬರಿನ ಉದ್ದ ಸರಿಹೋಗುವುದೇ. ಸ್ಪ್ರಿಂಗನ್ನು ಬದಲಿಸಿದರೆ ಈ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕಾಗುತ್ತದೆ. ಬಿಗಿಯಾದುದೇ ಉತ್ತಮವೆಂಬ ನಿಯಮವಿಲ್ಲ, ಹೊಂದಿಕೆಯಾದುದೇ ಉತ್ತಮ.